ಮೇಷ್ಟ್ರು ತೋರಿಸಿಕೊಟ್ಟ ಲೋಕೇಶ್

ಮಂಡ್ಯದ ನಮ್ಮ ಕಾಲೇಜಿನಲ್ಲಿ ಬಿ.ಎ. ಓದುವಾಗ ಪಠ್ಯದಲ್ಲಿ ಏನೇನಿತ್ತೆಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳಬೇಕು. ನಟ ಲೋಕೇಶ್ ಹೇಗೆ ನಡೆಯುತ್ತಿದ್ದರು ಅಂತ ಕೇಳಿ, ಈ ವಯಸ್ಸಿನಲ್ಲೂ ಎದ್ದು ನಡೆದು ತೋರಿಸುತ್ತೇನೆ. ಅದು ನಮ್ಮ ಕನ್ನಡ ಮೇಷ್ಟ್ರು ಹಿಡಿಸಿದ ಹುಚ್ಚು. ಹೋದ ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡರು. ತಿಥಿಗೆ ಸೇರಿದ್ದ ಹಳೇ ಹುಡುಗರು ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಾ ಕೂತಾಗ ಅವರು ಮಾಡಿದ ಹಳಗನ್ನಡ ಪಾಠ ಯಾರಿಗೂ ನೆನಪಾಗಲಿಲ್ಲ. ಮಾತೆಲ್ಲ ಲೋಕೇಶ್ ಸುತ್ತಲೇ. ಮ್ಯಾಗಜೀನಿಗೆ ನೀನೇ ಬರಿ, ನಮ್ಮ ಬ್ಯಾಚಿನಲ್ಲಿ ಬರೆಯೋ ಕೈ ಇರೋದು ನಿನಗೊಬ್ಬನಿಗೇ ಎಂದರು. ನಾನೂ ಅಲ್ಲಗಳೆಯಲು ಹೋಗಲಿಲ್ಲ.

ನಮ್ಮ ಸೀಮೆಯಲ್ಲಿ ನಾಟಕ ಎಂದರೆ ಕುರುಕ್ಷೇತ್ರ. ಹಬ್ಬದ ರಾತ್ರಿ ಬಾಡಿಗೆ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಗದೆ ಹೊತ್ತ ದುರ್ಯೋಧನ. ಪದವನ್ನು ಎಷ್ಟು ಮೇಲಕ್ಕೆಳೆದರೆ ಅಷ್ಟು ಒನ್ಸ್ ಮೋರು, ಎದೆಗೆ ಪಿನ್ನು ಚುಚ್ಚಿ ನೋಟು. ಭೀಮನ ಪಾರ್ಟು ಮಾಡುತ್ತಿದ್ದ ನಮ್ಮ ಸೋದರಮಾವನ ಆರ್ಭಟ ಪಕ್ಕದೂರಿಗೆ ಕೇಳಿಸುತ್ತಿತ್ತು. ಅಂಥ ಹುಡುಗರ ಮುಂದೆ ನಿಂತು ಮೇಷ್ಟ್ರು, ‘ಕೂಗಿದ್ದು ಸಾಕು ಕಣ್ರಯ್ಯಾ, ಲೋಕೇಶ್ ಬೆನ್ನು ನೋಡಿ’ ಅಂದರೆ ನಗು ಬರದೆ ಇನ್ನೇನು?

‘ಪರಸಂಗದ ಗೆಂಡೆತಿಮ್ಮ’ 1978ರ ಸಿನಿಮಾ, ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಗಂಟು ಹೊತ್ತು ಊರೂರು ಸುತ್ತಿ ಸಾಮಾನು ಮಾರುವ ತಿಮ್ಮನಾಗಿ ಲೋಕೇಶ್. ಮೇಷ್ಟ್ರು ಅದನ್ನು ಕ್ಲಾಸಿನಲ್ಲೇ ಆಡಿ ತೋರಿಸಿದರು. ಟವೆಲ್ಲಿನಲ್ಲಿ ಎರಡು ದಪ್ಪ ನಿಘಂಟು ಸುತ್ತಿ ಗಂಟು ಕಟ್ಟಿ ಹೆಗಲಿಗೇರಿಸಿ, ಬೆಂಚುಗಳ ನಡುವೆ ಒಂದು ಸುತ್ತು ಹೋದರು. ‘ಇದು ವ್ಯಾಪಾರ ಆದ ದಿನದ ನಡಿಗೆ.’ ಇನ್ನೊಂದು ಸುತ್ತು. ‘ಇದು ಆಗದ ದಿನದ್ದು.’ ಗಂಟು ಅದೇ, ಭಾರ ಬೇರೆ. ಆಮೇಲೆ ಹೆಂಡತಿಯ ಎದುರು ಬಂದು ನಿಂತ ತಿಮ್ಮನಾದರು: ಕುತ್ತಿಗೆ ಒಂದಿಷ್ಟು ಮುಂದಕ್ಕೆ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಪಂಚೆಯ ಅಂಚು ಹಿಡಿದುಕೊಂಡಿದೆ, ಬಾಯಲ್ಲಿ ಮಾತಿಲ್ಲ. ನಗುತ್ತಿದ್ದ ಹಿಂದಿನ ಬೆಂಚೂ ಸುಮ್ಮನಾಯಿತು. ಆ ಪಾತ್ರಕ್ಕೆ ಲೋಕೇಶ್‌ಗೆ ರಾಜ್ಯ ಪ್ರಶಸ್ತಿ ಬಂತು. ಮೇಷ್ಟ್ರಿಗೆ ಅದು ಸಾಲದು.

1974ರ ‘ಭೂತಯ್ಯನ ಮಗ ಅಯ್ಯು’ ಬಗ್ಗೆ ಅವರದೊಂದು ವಾದವಿತ್ತು. ಭೂತಯ್ಯನಾಗಿ ಎಂ.ಪಿ. ಶಂಕರ್ ಅವರ ಗಾತ್ರ, ಗುಳ್ಳನಾಗಿ ವಿಷ್ಣುವರ್ಧನ್ ಅವರ ರೋಷ, ಎರಡೂ ಕಣ್ಣಿಗೆ ಹೊಡೆಯುತ್ತವೆ. ಸತ್ತರೆ ಊರೇ ಹಿಗ್ಗುವಂಥ ಅಪ್ಪನ ಆಸ್ತಿಯ ಜೊತೆ ಅವನ ಕೆಟ್ಟ ಹೆಸರನ್ನೂ ಹೊರಬೇಕಾದ ಮಗ ಅಯ್ಯು, ಅಂದರೆ ಲೋಕೇಶ್; ಅವನ ಕಷ್ಟ ಒಳಗಿನದು, ಅದನ್ನು ಕೂಗಿ ಹೇಳುವ ಹಾಗಿಲ್ಲ. ನನಗೂ ಈಗ ಹಾಗೇ ಅನ್ನಿಸುತ್ತದೆ. ಜನ ಅಯ್ಯುವನ್ನು ಮರೆತಿಲ್ಲ, ಗೆಂಡೆತಿಮ್ಮನನ್ನೂ ಮರೆತಿಲ್ಲ. ಲೋಕೇಶ್ ಎಂದರೆ ಮಾತ್ರ ‘ಸೃಜನ್ ಅವರಪ್ಪ ಅಲ್ವಾ?’ ಅನ್ನುತ್ತಾರೆ. ಪಾತ್ರದೊಳಗೆ ಅಷ್ಟು ಪೂರ್ತಿ ಇಳಿದುಹೋದವನಿಗೆ ಕಟೌಟು ನಿಲ್ಲಿಸುವುದು ಹೇಗೆ? ನಮ್ಮೂರಲ್ಲಿ ಲೋಕೇಶ್ ಅಭಿಮಾನಿ ಸಂಘ ಅಂತ ಇದ್ದದ್ದು ಮೇಷ್ಟ್ರೊಬ್ಬರೇ.

ತಮಾಷೆಯೆಂದರೆ ಲೋಕೇಶ್ ಹುಟ್ಟಿದ್ದೇ ಕಂಪನಿ ನಾಟಕದ ಮನೆಯಲ್ಲಿ. ತಂದೆ ಸುಬ್ಬಯ್ಯ ನಾಯ್ಡು 1934ರ ‘ಸತಿ ಸುಲೋಚನಾ’ದ ನಾಯಕ, ಕನ್ನಡದ ಮೊದಲ ಟಾಕಿಯ ಹೀರೋ. ಕೂಗಾಟ, ಹಾಡು, ಝಗಝಗ ಎಲ್ಲ ಕಂಡು ಬೆಳೆದವರು ಬೆಂಗಳೂರಿನ ಹವ್ಯಾಸಿ ರಂಗಕ್ಕೆ ಬಂದರು. ಸಿ.ಆರ್. ಸಿಂಹ ಅವರ ನಟರಂಗ ತಂಡ ಆಡಿದ, ಕಾಡುಕುರುಬರ ಕಥೆಯ ಮಾಸ್ತಿಯವರ ನಾಟಕ ‘ಕಾಕನಕೋಟೆ’ಯಲ್ಲಿ ಮುಖ್ಯಪಾತ್ರ ಕಾಚನಾಗಿ ಅವರನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರಂತೆ.

ಹಾಗಾಗಿ ಕಾಲೇಜ್ ಡೇಗೆ ‘ಕಾಕನಕೋಟೆ’ಯೇ ಆಗಬೇಕೆಂದು ಹಟ ಹಿಡಿದರು. ಕಾಡಿನ ಸೀನರಿ ಬಾಡಿಗೆಗೆ ತರೋಣವೆಂದರೆ ದುಡ್ಡಿಲ್ಲ. ಹಿಂದಿನ ರಾತ್ರಿ ನಾವು ಕೆಲವರು ಪ್ರಿನ್ಸಿಪಾಲರ ಮನೆ ಕಾಂಪೌಂಡು ಹಾರಿ ಕ್ರೋಟನ್ ಕುಂಡಗಳನ್ನೆಲ್ಲ ಸೈಕಲ್ ಕ್ಯಾರಿಯರ್ ಮೇಲಿಟ್ಟು ಸಾಗಿಸಿದೆವು. ಪರದೆ ಎದ್ದಾಗ ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು ಎದ್ದೇ ನಿಂತರು. ಪಕ್ಕದಲ್ಲಿದ್ದ ಮೇಷ್ಟ್ರು ಕೈಹಿಡಿದು ಕೂರಿಸಿ, ‘ಕಾಡು ಅಂದ್ಮೇಲೆ ಗಿಡ ಬೇಡವಾ ಸಾರ್, ನಾಟಕ ಮುಗೀಲಿ’ ಅಂದರಂತೆ. ಗುಂಪಿನ ಕುರುಬರಲ್ಲಿ ನಾನೊಬ್ಬ. ಮಾತೇ ಇಲ್ಲದ ಪಾರ್ಟು. ನಾಟಕ ಮುಗಿದ ಮೇಲೆ ಮೇಷ್ಟ್ರು, ‘ನಿನ್ನ ಬೆನ್ನು ಪರವಾಗಿಲ್ಲ ಕಣಯ್ಯಾ’ ಎಂದರು. ಬ್ಯಾಂಕಿನಲ್ಲಿ ನನಗೆ ಬಂದ ಯಾವ ಪ್ರಮೋಷನ್ನೂ ಆ ಮಾತಿಗೆ ಸಮ ಅಲ್ಲ.

ಮೊನ್ನೆ ಅತಿಥಿಯಾಗಿ ಅದೇ ಕಾಲೇಜಿಗೆ ಹೋಗಿದ್ದೆ. ಡಿಜೆ, ಬಣ್ಣದ ಹೊಗೆ, ರೀಲ್ಸಿಗೆ ತಕ್ಕ ಕುಣಿತ. ಹುಡುಗರು ಚೆನ್ನಾಗಿಯೇ ಕುಣಿದರು, ಸುಳ್ಳು ಹೇಳಬಾರದು. ಸೆಮಿಸ್ಟರು, ಇಂಟರ್ನಲ್ಸು, ಅಟೆಂಡೆನ್ಸಿನ ನಡುವೆ ತಿಂಗಳುಗಟ್ಟಲೆ ರಿಹರ್ಸಲ್ಲಿಗೆ ಪುರಸೊತ್ತು ಯಾರಿಗಿದೆ? ಟವೆಲ್ಲಿನಲ್ಲಿ ನಿಘಂಟು ಕಟ್ಟಿಕೊಂಡು ಓಡಾಡುವ ಮೇಷ್ಟ್ರಿಗೆ ಈಗ ನೋಟಿಸು ಬಂದರೂ ಬಂದೀತು.

2004ರಲ್ಲಿ ಲೋಕೇಶ್ ತೀರಿಕೊಂಡಾಗ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಸಮಾಧಾನ ಹೇಳೋಣವೆಂದರೆ ನನ್ನನ್ನೇ ಬೈದರು: ‘ಇವತ್ತು ಹೊಗಳ್ತೀರಿ. ಇದ್ದಾಗ ಎಷ್ಟು ಜನ ಟಿಕೆಟ್ ತಗೊಂಡ್ರಿ ಹೇಳು.’

ತಿಥಿಯ ದಿನವೇ ಒಂದು ತೀರ್ಮಾನವಾಯಿತು. ಬರುವ ಕಾಲೇಜ್ ಡೇಗೆ ಹಳೇ ವಿದ್ಯಾರ್ಥಿಗಳಿಂದ ಮತ್ತೆ ‘ಕಾಕನಕೋಟೆ’. ಪ್ರಿನ್ಸಿಪಾಲರು ಒಪ್ಪಿದ್ದಾರೆ, ಗಿಡ ನರ್ಸರಿಯಿಂದಲೇ ತರಬೇಕೆಂಬ ಷರತ್ತಿನ ಮೇಲೆ. ಕಾಚ ಯಾರೆಂಬ ಜಗಳ ಇನ್ನೂ ಬಗೆಹರಿದಿಲ್ಲ. ನನ್ನ ಹೆಸರು ನಾನೇ ಸೂಚಿಸಿದ್ದೇನೆ, ಅನುಮೋದಿಸುವವರು ಬೇಕಾಗಿದ್ದಾರೆ.