ನೆಲದ ಮೇಲೆ ಚೆನ್ನಾಗಿ ಓಡಿದ ಎಂಜಿನ್ ಮೇಲೇರುವಾಗ ಯಾಕೆ ನಿಲ್ಲುತ್ತದೆ?

ಹವ್ಯಾಸಿಗಳು ತಾವೇ ಕಟ್ಟಿದ ಸಣ್ಣ ವಿಮಾನಗಳನ್ನು ಮೊದಲ ಹಾರಾಟಕ್ಕೆ ಮುಂಚೆ ಪರೀಕ್ಷಿಸುವುದು ನನ್ನ ಕೆಲಸ. ಫುಲ್ ಥ್ರಾಟಲ್ ಕೊಟ್ಟು ನೋಡಿ ಆಗಿದೆ, ಏನೂ ತೊಂದರೆಯಿಲ್ಲ ಅನ್ನುವ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್‌ನ ಬಟ್ಟಲಲ್ಲಿ ತುಂಬಿದ್ದ ಪೆಟ್ರೋಲ್, ಟ್ಯಾಂಕಿನಿಂದ ಬರುವ ಹರಿವಿನ ಕೊರತೆಯನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ಅದು ಬರಿದಾಗುವ ಹೊತ್ತಿಗೆ ವಿಮಾನ ಮೂಗೆತ್ತಿ ಏರುತ್ತಿರುತ್ತದೆ.

2012ರಲ್ಲಿ ಅಮೆರಿಕದಲ್ಲಿ ಅಪಘಾತಗಳ ತನಿಖೆ ಮಾಡುವ ಸಂಸ್ಥೆ ಎನ್‌ಟಿಎಸ್‌ಬಿ ಇಂಥ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿ, ಇಂಧನ ವ್ಯವಸ್ಥೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿ ಎಂದು ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಗೆ ಶಿಫಾರಸು ಮಾಡಿತು. ಪರೀಕ್ಷೆಗೆ ಬೇಕಾಗುವುದು ಅಳತೆಯ ಕ್ಯಾನು, ಗಡಿಯಾರ, ಅರ್ಥಿಂಗ್ ತಂತಿ, ಪಕ್ಕದಲ್ಲೊಂದು ಅಗ್ನಿಶಾಮಕ.

ಚಕ್ರಗಳಿಗೆ ಅಡೆ ಕೊಟ್ಟು, ಅತಿ ಕಡಿದಾದ ಏರುಕೋನಕ್ಕಿಂತ 5 ಡಿಗ್ರಿ ಹೆಚ್ಚು ಮೂಗೆತ್ತಿ ನಿಲ್ಲಿಸಿ. ಟ್ಯಾಂಕಿನಲ್ಲಿ ಇಂಧನ ಕಡಿಮೆಯೇ ಇರಲಿ. ಕಾರ್ಬ್ಯುರೇಟರ್ ಬಾಯಲ್ಲಿ ಪೈಪು ಬಿಚ್ಚಿ ಕ್ಯಾನಿಗೆ ಬಿಡಿ. ಗುರುತ್ವದಿಂದ ಹರಿಯುವುದಾದರೆ ಎಂಜಿನ್ನಿನ ಗರಿಷ್ಠ ಬಳಕೆಯ 150%, ಪಂಪಿನಿಂದಾದರೆ 125% ಬರಬೇಕು. ಸಣ್ಣ ವಿಮಾನಗಳ ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್ ಟೇಕಾಫ್‌ನಲ್ಲಿ ಗಂಟೆಗೆ 27 ಲೀಟರ್ ಕುಡಿಯುತ್ತದೆ. ಅಂದರೆ ಪಂಪಿನ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 560 ಮಿಲಿಲೀಟರ್. ಎಂಜಿನ್ ನಿಂತಿರುವಾಗ ಅದರ ಮೆಕ್ಯಾನಿಕಲ್ ಪಂಪು ಕೆಲಸ ಮಾಡದು, ವಿದ್ಯುತ್ ಪಂಪಿನಿಂದಲೇ ಅಳೆಯಬೇಕು.

ಟ್ಯಾಂಕಿನ ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿರಲೇಬೇಕು. ತೆರೆದಿಟ್ಟರೆ ವೆಂಟ್ (ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿ) ಕಟ್ಟಿಕೊಂಡಿದ್ದರೂ ಪೆಟ್ರೋಲ್ ಧಾರಾಳವಾಗಿ ಬರುತ್ತದೆ. ಒಂದೇ ನಿಮಿಷಕ್ಕೆ ನಿಲ್ಲಿಸುವುದೂ ತಪ್ಪು, ಕಟ್ಟಿದ ವೆಂಟ್‌ನಿಂದ ನಿರ್ವಾತ ನಿಧಾನವಾಗಿ ಬೆಳೆಯುತ್ತದೆ. ಐದು ನಿಮಿಷ ಬಿಡಿ, ಪ್ರತಿ ನಿಮಿಷದ ಅಳತೆ ಬರೆದಿಡಿ. ಇಳಿಯುತ್ತಾ ಹೋದರೆ ವೆಂಟ್ ನೋಡಿ.

ಮೊದಲಿಂದಲೇ ಕಡಿಮೆ ಬಂದರೆ ಫಿಲ್ಟರ್ ಬಿಚ್ಚಿ. ಫೈಬರ್‌ಗ್ಲಾಸ್ ಟ್ಯಾಂಕಾದರೆ ಉಜ್ಜಿದ ಬಿಳಿ ಪುಡಿ, ಸೀಲೆಂಟ್ ಚೂರು ಸಿಗುವುದು ಮಾಮೂಲಿ. ಅಲ್ಲೇನೂ ಇಲ್ಲದಿದ್ದರೆ ರಬ್ಬರ್ ಹೋಸ್ ತುದಿ ನೋಡಿ. ಫಿಟ್ಟಿಂಗನ್ನು ಒತ್ತಿ ತೂರಿಸುವಾಗ ಒಳಪದರ ಸೀಳಿ ನಾಲಗೆಯಂತೆ ಎದ್ದು ನಿಲ್ಲುತ್ತದೆ, ಹರಿವು ಜೋರಾದಾಗ ಮಡಚಿ ದಾರಿ ಮುಚ್ಚುತ್ತದೆ. ಹೊರಗಿಂದ ಕಾಣುವುದಿಲ್ಲ, ಬಿಚ್ಚಿ ಟಾರ್ಚ್ ಬಿಡಬೇಕು.

ಹರಿವು ಸರಿಯಿದ್ದೂ ಬಿಸಿ ಮಧ್ಯಾಹ್ನ ಎಂಜಿನ್ ಕೆಮ್ಮಿದರೆ ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ತಡೆಯುವುದನ್ನು ಅನುಮಾನಿಸಿ. ಎಕ್ಸಾಸ್ಟ್ ಪಕ್ಕದ ಪೈಪಿಗೆ ಬಿಸಿ ತಡೆಯುವ ಫೈರ್ ಸ್ಲೀವ್ ಹಾಕಿ, ಹೆಚ್ಚಾದ ಪೆಟ್ರೋಲ್ ವಾಪಸ್ ಹೋಗಲು ಟ್ಯಾಂಕಿಗೆ ರಿಟರ್ನ್ ಲೈನ್ ಕೊಡಿ.

ಇಷ್ಟಾದರೂ ಮೊದಲ ಹಾರಾಟದಲ್ಲಿ ಎಂಜಿನ್ ನಿಂತರೆ ತಕ್ಷಣ ಮೂಗು ಇಳಿಸಬೇಕು, ಈ ಹಗುರ ವಿಮಾನಗಳ ವೇಗ ಕ್ಷಣದಲ್ಲಿ ಕರಗುತ್ತದೆ. ರನ್‌ವೇಗೆ ವಾಪಸ್ ತಿರುಗಲು ಹೋಗಿ ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ (ಅದಕ್ಕಿಂತ ಕಡಿಮೆಯಾದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರವು) 19% ಏರುತ್ತದೆ. ತಿರುಗದೆ ನೇರ ಇಳಿಯಲು ಎದುರಿಗಿರುವ ಹೊಲವನ್ನು ಹಿಂದಿನ ದಿನವೇ ನಡೆದು ನೋಡಿಟ್ಟುಕೊಳ್ಳಿ.