ಹಳೇ ಮೊಸಾಯಿಕ್ ನೆಲ ಕೀಳಿಸುವ ಮುಂಚೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1984ರಲ್ಲಿ. ಹಾಲಿಗೆ ಮೊಸಾಯಿಕ್, ರೂಮುಗಳಿಗೂ ಅಡುಗೆಮನೆಗೂ ರೆಡ್ ಆಕ್ಸೈಡ್ (ಕೆಂಪು ಬಣ್ಣ ಬೆರೆಸಿದ ಸಿಮೆಂಟ್ ನೆಲ), ಮುಂದುಗಡೆ ಕಲ್ಲು ಚಪ್ಪಡಿ. ಹೋದ ವರ್ಷ ರಿಪೇರಿಗೆ ಕೈ ಹಾಕಿದಾಗ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಮೊದಲು ಈ ನೆಲ ತೆಗೆಸಿಬಿಡಿ, ವಿಟ್ರಿಫೈಡ್ ಟೈಲ್ಸ್ ಹಾಕಿಸಿ." ನಾವು ಹಾಲಿನ ನೆಲ ಕೀಳಿಸಲಿಲ್ಲ, ಪಾಲಿಶ್ ಮಾಡಿಸಿದೆವು. ಅಮ್ಮನ ರೂಮಿನ ಕೆಂಪು ನೆಲವನ್ನೂ ಉಳಿಸಿಕೊಂಡೆವು. ಟೈಲ್ಸ್ ಹಾಕಿಸಿದ್ದು ಅಡುಗೆಮನೆಗೆ ಮತ್ತು ಬಚ್ಚಲಿಗೆ ಮಾತ್ರ. ಮನೆಗೆ ಬಂದವರು ಹಾಲಿನ ನೆಲ ನೋಡಿ "ಇದು ಹಳೇದೇನಾ?" ಅಂತ ಕೇಳುತ್ತಾರೆ. ಹೌದು, ಹಳೇದೇ. ನೆಲ ಕೊಳೆಯಾಗಿರುವುದು ಬೇರೆ, ನೆಲ ಹಾಳಾಗಿರುವುದು ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಒಳ್ಳೆಯ ನೆಲಗಳನ್ನು ಒಡೆದು ಟ್ರ್ಯಾಕ್ಟರಿಗೆ ತುಂಬುತ್ತಿದ್ದೇವೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಮೊಸಾಯಿಕ್ ಅಂದರೆ ಸಿಮೆಂಟಿನ ಜೊತೆ ಮಾರ್ಬಲ್ ಚೂರು (ಚಿಪ್ಸ್) ಕಲಸಿ ಹಾಕಿ, ಗಟ್ಟಿಯಾದ ಮೇಲೆ ಉಜ್ಜಿದ ನೆಲ. ನಮ್ಮದು ಅಲ್ಲೇ ಕಲಸಿ ಹಾಕಿದ್ದು. ಬಿರುಕು ಬಿಡದಿರಲಿ ಅಂತ ನಡುನಡುವೆ ಗಾಜಿನ ಪಟ್ಟಿ ಕೂರಿಸಿ ಚೌಕ ಚೌಕ ಮಾಡಿದ್ದಾರೆ. ಮೇಲಿನ ಚಿಪ್ಸ್ ಪದರ ಸುಮಾರು ಒಂದು ಸೆಂಟಿಮೀಟರ್ ದಪ್ಪ ಇರುತ್ತದೆ. ಒಂದು ಸಲ ಪಾಲಿಶ್ ಮಾಡಿಸಿದರೆ ಸವೆಯುವುದು ಅದರಲ್ಲಿ ಬಹಳ ಸ್ವಲ್ಪ. ನಲವತ್ತು ವರ್ಷ ಓಡಾಡಿ ಮಂಕಾಗಿರುವುದು ಮೇಲ್ಮೈ ಮಾತ್ರ. ಒಳಗೆ ಅದೇ ಚಿಪ್ಸು, ಅದೇ ಬಣ್ಣ ಇದ್ದೇ ಇದೆ. ಬಣ್ಣವನ್ನು ಮೇಲುಗಡೆ ಮಾತ್ರ ಅಚ್ಚು ಹಾಕಿದ ಟೈಲ್ಸಿಗೆ ಈ ಅನುಕೂಲ ಇಲ್ಲ. ಅದು ಸವೆದರೆ ಬದಲಿಸಲೇಬೇಕು.

ಉಳಿಸಬಹುದೋ ಇಲ್ಲವೋ ಅಂತ ತಿಳಿಯುವುದು ಕಷ್ಟ ಅಲ್ಲ. ನಮ್ಮ ಗಾರೆ ಮೇಸ್ತ್ರಿ ಸುತ್ತಿಗೆಯ ಮರದ ಹಿಡಿಯಿಂದ ಇಡೀ ಹಾಲನ್ನು ಚೌಕ ಬಿಡದ ಹಾಗೆ ತಟ್ಟುತ್ತಾ ಹೋದರು. ಗಟ್ಟಿ ಸದ್ದು ಬಂದರೆ ನೆಲ ಕೆಳಗಿನ ಕಾಂಕ್ರೀಟನ್ನು ಹಿಡಿದುಕೊಂಡಿದೆ. ಟೊಳ್ಳು ಸದ್ದು ಬಂದರೆ ಬಿಟ್ಟುಕೊಂಡಿದೆ. ಕಿಟಕಿ ಪಕ್ಕದ ಒಂದು ಮೂಲೆ ಬಿಟ್ಟು ಎಲ್ಲ ಕಡೆ ಗಟ್ಟಿ ಸದ್ದೇ ಬಂತು. "ಅಕ್ಕಾ, ಇದನ್ನ ಒಡೆಯೋಕೆ ನನಗೆ ಎರಡು ದಿನದ ಕೂಲಿ ಸಿಗುತ್ತೆ. ಆದ್ರೆ ಒಡೀಬೇಡಿ," ಅಂದರು ಅವರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಅರ್ಧ ಹಾಲು ಟೊಳ್ಳು ಸದ್ದು ಮಾಡಿದ್ದರೆ, ಅಥವಾ ನೆಲ ಕುಸಿದು ಉದ್ದಕ್ಕೂ ಬಿರುಕು ಬಿಟ್ಟಿದ್ದರೆ, ನಾನೂ ಕೀಳಿಸುತ್ತಿದ್ದೆ.

"ಹಳೇ ನೆಲದ ಮೇಲೇ ಟೈಲ್ಸ್ ಅಂಟಿಸಿಬಿಡಿ, ಒಡೆಯೋ ಗಲಾಟೆ ಇಲ್ಲ" ಅನ್ನುವ ಸಲಹೆಯೂ ಬಂತು. ಅದು ಮಾಡಬಹುದಾದದ್ದೇ. ಆದರೆ ಟೈಲ್ ಮತ್ತು ಅಂಟು ಸೇರಿ ನೆಲ ಅರ್ಧ ಇಂಚಾದರೂ ಏರುತ್ತದೆ. ಬಾಗಿಲುಗಳ ಕೆಳಗೆ ಕತ್ತರಿಸಬೇಕು. ಹಾಲಿಗೂ ರೂಮಿಗೂ ನಡುವೆ ಚಿಕ್ಕ ಮೆಟ್ಟಿಲಿನ ಹಾಗೆ ಎತ್ತರ ತಗ್ಗು ಬರುತ್ತದೆ. ಮಂಡಿ ನೋವಿನವರು ಎಡವುವುದು ದೊಡ್ಡ ಮೆಟ್ಟಿಲಿಗಲ್ಲ, ಕಣ್ಣಿಗೆ ಬೀಳದ ಈ ಅರ್ಧ ಇಂಚಿಗೆ. ಅಮ್ಮನಿಗೆ ಈಗ ಎಪ್ಪತ್ತಾರು. ಹಾಗಾಗಿ ನಮ್ಮಲ್ಲಿ ಆ ಮಾತು ಅಲ್ಲಿಗೇ ಮುಗಿಯಿತು.

ಪಾಲಿಶ್ ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಮೊದಲು ಬಿಟ್ಟುಕೊಂಡ ಜಾಗ ಕಿತ್ತು, ಅದೇ ಅಳತೆಯ ಕಪ್ಪು ಬಿಳಿ ಚಿಪ್ಸ್ ಹುಡುಕಿ ತಂದು, ಸಿಮೆಂಟಿನ ಜೊತೆ ಕಲಸಿ ತುಂಬಿದರು. ಹಳೇ ಸಿಮೆಂಟಿನ ಬಣ್ಣ ಬರಲಿ ಅಂತ ಬೂದು ಸಿಮೆಂಟಿಗೆ ಬಿಳಿ ಸಿಮೆಂಟ್ ಬೆರೆಸಿ, ಒಂದು ಹಲಗೆಯ ಮೇಲೆ ಸಣ್ಣ ತುಂಡು ಮಾಡಿ ಒಣಗಿಸಿ ತೋರಿಸಿದರು. ಹಸಿ ಇದ್ದಾಗಿನ ಬಣ್ಣ ನಂಬಬೇಡಿ, ಒಣಗಿದ ಮೇಲೆ ತಿಳಿಯಾಗುತ್ತದೆ. ತುಂಬಿದ ಜಾಗಕ್ಕೆ ನೀರುಣಿಸಿ ಗಟ್ಟಿಯಾದ ಮೇಲೆ ಉಜ್ಜುವ ಮೆಷಿನ್ ಬಂತು. ಒರಟು ಕಲ್ಲಿನಿಂದ ಶುರು ಮಾಡಿ ನುಣುಪು ಕಲ್ಲಿನ ತನಕ ಒಂದಾದ ಮೇಲೊಂದು ಬದಲಿಸುತ್ತಾ, ನೀರು ಬಿಡುತ್ತಾ ಉಜ್ಜುತ್ತಾರೆ. ಮೊದಲ ಉಜ್ಜಿನ ನಂತರ ಸೂಜಿ ತೂತುಗಳು ಕಾಣುತ್ತವೆ. ಅವಕ್ಕೆ ಸಿಮೆಂಟ್ ಪೇಸ್ಟ್ ತುಂಬಿ, ಕೆಲವು ದಿನ ಬಿಟ್ಟು ಮತ್ತೆ ಉಜ್ಜಬೇಕು. ಕೆಲಸ ಬೇಗ ಮುಗಿಸುವ ಆತುರದಲ್ಲಿ ಬಿಟ್ಟುಹೋಗುವ ಹಂತ ಇದೇ. ಬಿಟ್ಟರೆ ಆ ತೂತುಗಳಲ್ಲಿ ಕೊಳೆ ಕೂತು ನೆಲ ಮತ್ತೆ ಕಪ್ಪಾಗುತ್ತದೆ. ಪಕ್ಕದಲ್ಲೇ ನಿಂತು ಮಾಡಿಸಿ. ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಹೊಳಪು ಬರಿಸುತ್ತಾರೆ. ಆ ಪುಡಿ ವಿಷ. ಮಕ್ಕಳು, ನಾಯಿ, ಬೆಕ್ಕು ಅಂದು ಆ ಕಡೆ ಬರದಿರಲಿ.

ಉಜ್ಜುವಾಗ ಬರುವ ಬೂದು ನೀರು ರಾಗಿ ಅಂಬಲಿಯಷ್ಟು ಮಂದ ಇರುತ್ತದೆ. ಅದನ್ನು ಬಚ್ಚಲ ತೂಬಿಗೆ ಬಿಡಲು ಬಿಡಬೇಡಿ. ಪೈಪಿನೊಳಗೆ ಕೂತು ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತುಂಬಿ ಹೊರಗೆ ಹಾಕಿಸಿ. ಗೋಡೆಗೆಲ್ಲ ಸಿಡಿಯುತ್ತದೆ, ಆದ್ದರಿಂದ ಪೇಂಟಿಂಗಿನ ಕೊನೆಯ ಕೋಟ್ ಪಾಲಿಶ್ ಆದ ಮೇಲೇ ಇರಲಿ. ನಮಗೆ ಚದರಡಿಗೆ 45 ರೂಪಾಯಿ ಬಿತ್ತು. ಹೊಸ ಟೈಲ್ಸ್ ಹಾಕಿಸಿದ್ದರೆ ಒಡೆಯುವ ಕೂಲಿ, ಮಣ್ಣು ಸಾಗಿಸುವ ಬಾಡಿಗೆ, ಟೈಲ್ಸ್, ಅಂಟು, ಹಾಕುವ ಕೂಲಿ ಎಲ್ಲ ಸೇರಿ ಅದರ ಹಲವು ಪಟ್ಟು ಆಗುತ್ತಿತ್ತು.

ಅಡುಗೆಮನೆಯ ಕಥೆ ಬೇರೆ. ಅಲ್ಲಿ ನೆಲದ ಕೆಳಗೆ ಹಾದುಹೋದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿದು ಸೋರುತ್ತಿತ್ತು. ನೆಲ ಅಗೆಯಲೇಬೇಕಾಯಿತು. ರೆಡ್ ಆಕ್ಸೈಡ್ ನೆಲಕ್ಕೆ ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ಹೊಸದಾಗಿ ಹಾಕಿಸೋಣ ಅಂದರೆ, ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು ತರುವ ಕೈ ಈಗ ಸುಲಭಕ್ಕೆ ಸಿಗುವುದಿಲ್ಲ. ಅರೆಬರೆ ಗೊತ್ತಿದ್ದವರಿಂದ ಮಾಡಿಸಿದರೆ ಒಂದೇ ಬೇಸಿಗೆಗೆ ಬಿರುಕು. ಹಾಗಾಗಿ ಅಲ್ಲಿ ಮ್ಯಾಟ್ ಫಿನಿಶ್ ವಿಟ್ರಿಫೈಡ್ ಹಾಕಿಸಿದೆವು. ಆ ಜಾಗಕ್ಕೆ ಅದು ಸರಿಯಾದ ವಸ್ತುವೇ. ವಿಟ್ರಿಫೈಡ್ ಹೀರುವ ನೀರು ಶೇಕಡ 0.5ಕ್ಕಿಂತ ಕಡಿಮೆ. ಎಣ್ಣೆ, ಹುಣಸೆ ರಸ, ಅರಿಶಿನ ಯಾವುದೂ ಒಳಗೆ ಇಳಿಯುವುದಿಲ್ಲ.

ಆದರೆ ನೀರು ಹೀರದ ಅದೇ ಗುಣದಿಂದ ನೀರಿಗೆ ಕಲಸಿದ ಬರೀ ಸಿಮೆಂಟಿಗೆ ಅದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಟೈಲ್ ಅಡ್ಹೆಸಿವ್ (ಟೈಲ್ಸಿಗೆಂದೇ ಮಾಡಿದ ಅಂಟು) ಬೇಕು. ಅದನ್ನೂ ನಾಲ್ಕು ಮೂಲೆಗೆ ಮುದ್ದೆ ಇಟ್ಟು ಕೂರಿಸಬಾರದು, ಹಲ್ಲಿನ ಕರಣೆಯಿಂದ ಪೂರ್ತಿ ಹರಡಬೇಕು. ಮುದ್ದೆ ಇಟ್ಟರೆ ನಡುವೆ ಟೊಳ್ಳಾಗಿ, ಒಂದು ದಿನ ಇಡ್ಲಿ ಪಾತ್ರೆ ಬಿದ್ದಾಗ ಅಲ್ಲೇ ಸೀಳುತ್ತದೆ. ಸಂದು ಬಿಡದೆ ಒತ್ತೊತ್ತಾಗಿ ಹಾಕಿಸುವುದು ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ. ಬೇಡ. ಸೆಕೆಗೆ ಟೈಲ್ಸ್ ಹಿಗ್ಗುತ್ತವೆ, ಜಾಗ ಇಲ್ಲದಿದ್ದರೆ ಎರಡು ಟೈಲ್ಸ್ ಒಂದನ್ನೊಂದು ತಳ್ಳಿ ಎದ್ದು ನಿಲ್ಲುತ್ತವೆ. ಟೈಲ್ಸ್ ನಡುವೆ 2 ಮಿಲಿಮೀಟರ್ ಸ್ಪೇಸರ್ (ಸಂದು ಬಿಡಿಸುವ ಸಣ್ಣ ತುಂಡು) ಇಡಿಸಿ. ಸಂದು ತುಂಬಲು ಎಪಾಕ್ಸಿ ಗ್ರೌಟ್ (ರಾಳದ ಪೇಸ್ಟ್) ಹಾಕಿಸಿ. ಸಿಮೆಂಟ್ ಗ್ರೌಟಿಗಿಂತ ದುಬಾರಿ, ಆದರೆ ಅಡುಗೆಮನೆಯಲ್ಲಿ ಸಂದುಗಳು ಕಪ್ಪಾಗುವುದಿಲ್ಲ.

ಅಂಗಡಿಯಲ್ಲಿ ಟೈಲ್ಸ್ ನೋಡುವಾಗ ದೀಪದ ಹೊಳಪಿಗೆ ಮರುಳಾಗಬೇಡಿ. ಒಂದು ಟೈಲ್ ನೆಲದ ಮೇಲೆ ಇಡಿಸಿ, ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಿ. ಅಮ್ಮನನ್ನು ಕರೆದುಕೊಂಡು ಹೋಗಿ ನಾವು ಹಾಗೇ ಮಾಡಿದೆವು. "ಇದು ಜಾರುತ್ತೆ ಕಣೇ, ಇದು ಪರವಾಗಿಲ್ಲ" ಅಂತ ಅವರ ಕಾಲೇ ಹೇಳಿತು. ಎರಡು ಟೈಲ್ಸನ್ನು ಮುಖಕ್ಕೆ ಮುಖ ಸೇರಿಸಿ ಅಂಚು ನೋಡಿ. ನಡುವೆ ಬೆಳಕು ಕಂಡರೆ ಟೈಲ್ ಬಾಗಿದೆ ಅಂತ ಅರ್ಥ.

ಬಚ್ಚಲಿಗೆ ಒಂದಡಿ ಅಳತೆಯ, ಮೈ ಒರಟಾದ ಸಣ್ಣ ಟೈಲ್ಸೇ ಸರಿ. ನೀರು ತೂಬಿನ ಕಡೆ ಹೋಗಲು ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಇಳಿಜಾರು ಬೇಕು. ದೊಡ್ಡ ಟೈಲ್ಸ್ ಆ ಇಳಿಜಾರಿಗೆ ಬಾಗುವುದಿಲ್ಲ. ಸಂದು ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತವೂ ಜಾಸ್ತಿ. ಟೈಲ್ಸ್ ಹಾಕುವ ಮುಂಚೆ ವಾಟರ್‌ಪ್ರೂಫಿಂಗ್ ಮಾಡಿಸಿ, ತೂಬು ಮುಚ್ಚಿ, ಒಂದೆರಡು ದಿನ ನೀರು ನಿಲ್ಲಿಸಿ ನೋಡಿ.

ಲ್ಯಾಮಿನೇಟ್ ಮರದ ನೆಲದ ಬಗ್ಗೆ ನನ್ನ ತಂಗಿ ಕೇಳಿದ್ದಳು. ನಮ್ಮಂಥ ಮನೆಗೆ ನಾನು ಹೇಳುವುದಿಲ್ಲ. ಹಬ್ಬಕ್ಕೆ ಬಕೆಟ್ ನೀರು ಸುರಿದು ತೊಳೆಯುವವರು ನಾವು. ಲ್ಯಾಮಿನೇಟಿನ ಒಳಗಿರುವುದು ಒತ್ತಿ ಗಟ್ಟಿ ಮಾಡಿದ ಮರದ ನಾರು, ಸಂದಿನಿಂದ ನೀರು ಇಳಿದರೆ ಉಬ್ಬುತ್ತದೆ.

ಇನ್ನು ನೋಡಿಕೊಳ್ಳುವುದು. ಮೊಸಾಯಿಕ್, ಮಾರ್ಬಲ್, ಶಹಾಬಾದ್ ಕಲ್ಲು, ಈ ಮೂರಕ್ಕೂ ಆಸಿಡ್ ಶತ್ರು. ಎಲ್ಲದರಲ್ಲೂ ಸುಣ್ಣದ ಅಂಶ ಇದೆ. ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೆರಸ ಬಿದ್ದರೆ ಆ ಜಾಗದ ಹೊಳಪು ತಿಂದುಹಾಕುತ್ತದೆ. ಅದು ಕಲೆಯಲ್ಲ, ಸವೆತ. ಒರಸಿದರೆ ಹೋಗುವುದಿಲ್ಲ, ಮತ್ತೆ ಪಾಲಿಶೇ ಗತಿ. ಪಾನಕ, ಚಿತ್ರಾನ್ನ ಚೆಲ್ಲಿದರೂ ತಕ್ಷಣ ಒರಸಿ. ಗ್ರಾನೈಟಿಗೆ ಇಷ್ಟು ಭಯ ಇಲ್ಲ.

ದಿನಾ ಒರಸುವ ಮುಂಚೆ ಗುಡಿಸುವುದು ಮುಖ್ಯ. ಮರಳಿನ ಕಣ ಇರುವಾಗ ಒದ್ದೆ ಬಟ್ಟೆ ಎಳೆದರೆ ನಾವೇ ನೆಲಕ್ಕೆ ಗೀರು ಹಾಕಿದ ಹಾಗೆ. ಅದಕ್ಕೇ ದೇವರ ಮನೆಯ ಮುಂದೆ ಅಮ್ಮ ರಂಗೋಲಿ ಪುಡಿ ಬಿಟ್ಟು ಅಕ್ಕಿಹಿಟ್ಟು ಬಳಸುತ್ತಿದ್ದಾರೆ. ರಂಗೋಲಿ ಪುಡಿ ಕಲ್ಲಿನ ಪುಡಿ, ಕಾಲಿಗೆ ಸಿಕ್ಕು ಹಾಲಿಡೀ ಹರಡುತ್ತದೆ. ಅರಿಶಿನದ ಕಲೆ ಆದರೆ ಗಾಬರಿ ಬೇಡ, ಬಿಸಿಲು ಬೀಳುವ ಜಾಗವಾದರೆ ತಾನೇ ಮಾಸುತ್ತದೆ. ಎಣ್ಣೆ ಚೆಲ್ಲಿದರೆ ಮೈದಾ ಅಥವಾ ಟಾಲ್ಕಂ ಪೌಡರ್ ದಪ್ಪಗೆ ಹರಡಿ ರಾತ್ರಿಯಿಡೀ ಬಿಡಿ, ಹೀರಿಕೊಳ್ಳುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ತೆಂಗಿನೆಣ್ಣೆ ಉಜ್ಜುವ ಪದ್ಧತಿ ಚೆನ್ನಾಗಿದೆ. ಆದರೆ ಬಟ್ಟೆಗೆ ನಾಲ್ಕು ಹನಿ ಸಾಕು, ಕೈಗೆ ಜಿಡ್ಡು ಹತ್ತದಷ್ಟು ಒರಸಿ ತೆಗೆಯಬೇಕು. ಇಲ್ಲದಿದ್ದರೆ ಧೂಳೂ ಅಂಟುತ್ತದೆ, ಕಾಲೂ ಜಾರುತ್ತದೆ. ಟೈಲ್ಸ್ ಮೇಲೆ ಹೆಜ್ಜೆ ಗುರುತು ಉಳಿಯುತ್ತಿದೆ ಅಂದರೆ ಸೋಪು ಜಾಸ್ತಿ ಆಗಿದೆ. ಅರ್ಧಕ್ಕೆ ಇಳಿಸಿ, ಇನ್ನೊಂದು ಸಲ ಬರೀ ನೀರಿನಲ್ಲಿ ಒರಸಿ.

ಟೈಲ್ಸ್ ತರುವಾಗ ನೂರಕ್ಕೆ ಹತ್ತರಷ್ಟು ಜಾಸ್ತಿ ತನ್ನಿ. ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್ ನಂಬರ್, ಒಂದೇ ಶೇಡ್ ನಂಬರ್ ಇದೆಯಾ ಅಂತ ಆಟೋದಿಂದ ಇಳಿಸುವಾಗಲೇ ನೋಡಿ. ಉಳಿದದ್ದನ್ನು ವಾಪಸ್ ಕೊಡಬೇಡಿ, ಐದು ವರ್ಷದ ನಂತರ ಆ ಡಿಸೈನ್ ಸಿಗುವುದಿಲ್ಲ. ನಮ್ಮ ಎರಡು ಬಾಕ್ಸ್ ಅಟ್ಟದ ಮೇಲಿವೆ. ಪಕ್ಕದಲ್ಲೇ ಡಬ್ಬಿಯೊಂದರಲ್ಲಿ ಮಿಕ್ಕ ಮೊಸಾಯಿಕ್ ಚಿಪ್ಸು. ಬೂದು ಸಿಮೆಂಟಿಗೆ ಬಿಳಿ ಸಿಮೆಂಟ್ ಎಷ್ಟು ಬೆರೆಸಿದ್ದು ಅಂತ ಮೇಸ್ತ್ರಿಯನ್ನು ಕೇಳಿ, ಚೀಟಿ ಬರೆದು ಅದರ ಮುಚ್ಚಳಕ್ಕೆ ಅಂಟಿಸಿಟ್ಟಿದ್ದೇನೆ.