ಕಾಸರವಳ್ಳಿ ಸಿನಿಮಾ ಅಷ್ಟು ನಿಧಾನ ಯಾಕೆ?

ನಮ್ಮ ಊರಿನ ಲೈಬ್ರರಿಯ ಮೇಲಿನ ಕೋಣೆಯಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ನಿರ್ದೇಶಕ ಗಿರೀಶ್ ಕಾಸರವಳ್ಳಿಯವರ ಸಿನಿಮಾ ಹಾಕಿದ ದಿನ, ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಚೆನ್ನಾಗಿದೆ ಸರ್, ಆದ್ರೆ ಇಷ್ಟು ನಿಧಾನ ಯಾಕೆ?" ಮದುವೆ ಮನೆಯಲ್ಲಿ ಸಿಕ್ಕವರೂ ಇದನ್ನೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಆ ಉತ್ತರ ಸಿಕ್ಕಿದ್ದು ಅಪ್ಪನಿಂದ.

ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ರಿಟೈರ್ ಆದ ಮೇಲೆ ಪೆನ್ಷನ್ ಕೈಗೆ ಬರುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಸರ್ವಿಸ್ ಪುಸ್ತಕದಲ್ಲಿ ಯಾವುದೋ ಒಂದು ವರ್ಷದ ಸಹಿ ಇಲ್ಲ ಅಂತ ತಕರಾರು. ವಾರಕ್ಕೆರಡು ಸಲ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ದಾರ ಕಟ್ಟಿದ ಕಾಗದಗಳು. ಸಂಜೆ ವಾಪಸ್ ಬಂದಾಗ ಶರಟಿನ ಬೆನ್ನಿನ ಭಾಗ ಮಾತ್ರ ಮಾಸಿರುತ್ತಿತ್ತು. ದಿನವಿಡೀ ಆಫೀಸಿನ ಗೋಡೆಗೆ ಒರಗಿ ಕೂತು ಹತ್ತಿದ ಸುಣ್ಣ ಅದು. ಅಮ್ಮ ಏನಾಯ್ತು ಅಂತ ಕೇಳುತ್ತಿರಲಿಲ್ಲ. ಕಾಫಿ ಕೊಟ್ಟು ಶರಟು ಇಸ್ಕೊಂಡು ನೆನೆಹಾಕುತ್ತಿದ್ದರು.

ಆಗೆಲ್ಲ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಬೇರೆಬೇರೆ ಭಾಷೆಯ ಸಿನಿಮಾಗಳನ್ನು ಹಾಕುತ್ತಿದ್ದರು. ಕನ್ನಡದ್ದು ಬಂದರೆ ಮನೆಮಂದಿಯೆಲ್ಲ ಟಿವಿ ಮುಂದೆ. ಹಾಗೆ ಒಂದು ಭಾನುವಾರ 'ತಬರನ ಕಥೆ' ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಕಾಸರವಳ್ಳಿ 1986ರಲ್ಲಿ ಮಾಡಿದ ಸಿನಿಮಾ. ತಬರ ಸೆಟ್ಟಿ ಒಬ್ಬ ಸಣ್ಣ ಸರ್ಕಾರಿ ನೌಕರ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಚಿಕಿತ್ಸೆಗೆ ದುಡ್ಡು ಬೇಕು, ದುಡ್ಡು ಬರಬೇಕಾದ್ದು ಪೆನ್ಷನ್ನಿನಿಂದ. ಅವನು ಆಫೀಸಿಗೆ ಅಲೆಯುತ್ತಾನೆ. ಅಲೆಯುತ್ತಲೇ ಇರುತ್ತಾನೆ.

ಅರ್ಧ ಗಂಟೆ ಆಗಿರಬಹುದು. ಅಪ್ಪ ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಬೋರ್ ಆಯ್ತೇನೋ ಅಂದುಕೊಂಡು ಅಮ್ಮನ ಮುಖ ನೋಡಿದೆ. "ಅವರಿಗೆ ನೋಡೋಕಾಗ್ತಿಲ್ಲ ಕಣೋ, ಸುಮ್ನಿರು" ಅಂದರು.

ನಿಧಾನ ಅಂತ ನಾವು ಅನ್ನುವುದು ಬಹಳ ಸಲ ಕಾಯುವವರ ಹೊತ್ತು. ಸಾಮಾನ್ಯವಾಗಿ ಸಿನಿಮಾದಲ್ಲಿ ಒಬ್ಬ ವರ್ಷಗಟ್ಟಲೆ ಕಾದ ಅಂತ ತೋರಿಸಬೇಕಾದರೆ ಕ್ಯಾಲೆಂಡರಿನ ಹಾಳೆ ಹಾರಿಸುತ್ತಾರೆ, ಇಲ್ಲ ಒಂದು ಹಾಡು ಹಾಕುತ್ತಾರೆ. ಮೂರು ನಿಮಿಷದಲ್ಲಿ ಕಾಯುವುದು ಮುಗಿಯಿತು. ಕಾಸರವಳ್ಳಿ ಆ ಅನುಕೂಲ ನಮಗೆ ಮಾಡಿಕೊಡುವುದಿಲ್ಲ. ತಬರನ ಜೊತೆ ನಮ್ಮನ್ನೂ ಕೂರಿಸುತ್ತಾರೆ. ನಮಗೆ ಹತ್ತು ನಿಮಿಷಕ್ಕೇ ಸಾಕು ಅನಿಸುತ್ತದೆ, ಅಲ್ವಾ? ತಬರನನ್ನು ಆಡಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾಕ್ಕೆ ಸ್ವರ್ಣ ಕಮಲ, ಅಂದರೆ ಆ ವರ್ಷದ ಅತ್ಯುತ್ತಮ ಸಿನಿಮಾಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು.

ಕಾಸರವಳ್ಳಿ ಸಿನಿಮಾಕ್ಕೆ ಬಂದ ದಾರಿಯನ್ನೂ ಸ್ವಲ್ಪ ಹೇಳಬೇಕು. ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಕಟ್ಟಿದ ಕೆ. ವಿ. ಸುಬ್ಬಣ್ಣ ಅವರ ಹತ್ತಿರದ ಸಂಬಂಧಿ. ಓದಿದ್ದು ಮಣಿಪಾಲದಲ್ಲಿ ಬಿ. ಫಾರ್ಮ್. ಆಮೇಲೆ ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 'ಚೋಮನ ದುಡಿ'ಯಲ್ಲಿ ಬಿ. ವಿ. ಕಾರಂತರಿಗೆ ಸಹಾಯಕರಾಗಿದ್ದರು. 1977ರಲ್ಲಿ ಮೊದಲ ಸಿನಿಮಾ 'ಘಟಶ್ರಾದ್ಧ', ಯು. ಆರ್. ಅನಂತಮೂರ್ತಿಯವರ ಕಥೆ. ಮೊದಲನೆಯದಕ್ಕೇ ಸ್ವರ್ಣ ಕಮಲ.

'ಘಟಶ್ರಾದ್ಧ' ಕಪ್ಪು ಬಿಳುಪು. ಯಮುನಾ ಎಳೆಯ ವಯಸ್ಸಿನ ವಿಧವೆ, ಬಸಿರಾಗಿದ್ದಾಳೆ. ಬದುಕಿರುವವಳಿಗೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾರೆ. ಇದನ್ನೆಲ್ಲ ನಾವು ನೋಡುವುದು ವೇದ ಕಲಿಯಲು ಬಂದ ನಾಣಿ ಅನ್ನುವ ಹುಡುಗನ ಜೊತೆ. ಅವನಿಗೆ ಏನು ನಡೀತಿದೆ ಅಂತ ಪೂರ್ತಿ ತಿಳಿಯುವುದಿಲ್ಲ. ಯಮುನಕ್ಕನಿಗೆ ಏನೋ ಆಗಬಾರದ್ದು ಆಗುತ್ತಿದೆ ಅಂತ ಮಾತ್ರ ಗೊತ್ತು. ದೊಡ್ಡವರ ಪಿಸುಮಾತು ಅರ್ಥವಾಗದ ಮಗುವಿಗೆ ಹೊತ್ತು ಹೇಗೆ ಹೋಗುತ್ತದೋ ಸಿನಿಮಾನೂ ಹಾಗೇ ಹೋಗುತ್ತದೆ. ಅದರ ಪ್ರಿಂಟನ್ನು ಈಚೆಗೆ ಹೊಸದಾಗಿ ಸರಿಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಊರಿನ ಪರದೆಗೂ ಅದು ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಆಮೇಲಿನ ಸಿನಿಮಾಗಳಲ್ಲೂ ಯಾರೋ ಒಬ್ಬರು ಕಾಯುತ್ತಲೇ ಇರುತ್ತಾರೆ. ನಾ. ಡಿಸೋಜ ಅವರ ಕಾದಂಬರಿಯಿಂದ ಮಾಡಿದ 'ದ್ವೀಪ'ದಲ್ಲಿ ಅಣೆಕಟ್ಟಿನ ಹಿನ್ನೀರು ಏರುತ್ತಿರುತ್ತದೆ. ಮಳೆ ಬಿಡುವುದಿಲ್ಲ. ಸುತ್ತಲಿನವರು ಊರು ಬಿಟ್ಟು ಹೋದರೂ ನಾಗಿ ಮನೆ ಉಳಿಸಿಕೊಳ್ಳಲು ಒದ್ದಾಡುತ್ತಾಳೆ. ಕೊನೆಗೆ ಮನೆ ಉಳಿದಾಗ ಗಂಡ ಅದನ್ನು ದೇವರ ದಯೆ ಅನ್ನುತ್ತಾನೆ. ಅವಳು ಪಟ್ಟ ಪಾಡು ಅವನ ಲೆಕ್ಕಕ್ಕೇ ಬರುವುದಿಲ್ಲ. ನನಗೆ ಇಡೀ ಸಿನಿಮಾದಲ್ಲಿ ಮುಳುಗಡೆಗಿಂತ ಜಾಸ್ತಿ ನೋಯಿಸಿದ್ದು ಆ ಮಾತು. ನಾಗಿಯಾಗಿ ನಟಿಸಿದ ಸೌಂದರ್ಯ ಅವರೇ ನಿರ್ಮಾಪಕಿ. ಅದಕ್ಕೂ ಮೊದಲು 'ತಾಯಿಸಾಹೇಬ'ಕ್ಕೆ ದುಡ್ಡು ಹಾಕಿ ನಟಿಸಿದವರು ಜಯಮಾಲಾ. ಎರಡಕ್ಕೂ ಸ್ವರ್ಣ ಕಮಲ ಬಂತು. ದೊಡ್ಡ ತಾರೆಯರಾಗಿದ್ದ ಇಬ್ಬರು ಹೆಣ್ಣುಮಕ್ಕಳು ಇಂಥ ಸಿನಿಮಾಕ್ಕೆ ಬೆನ್ನಿಗೆ ನಿಂತರು ಅನ್ನುವುದನ್ನು ನಾವು ಯಾಕೋ ಜಾಸ್ತಿ ನೆನೆಯುವುದಿಲ್ಲ.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ತುಂಬಾ ಜನ ಅವರ ಕಥೆಗಳನ್ನು ಹುಡುಕಿ ಓದಿದರು. ಅವರ 'ಕರಿ ನಾಗರಗಳು' ಕಥೆಯನ್ನು ಕಾಸರವಳ್ಳಿ 2004ರಲ್ಲೇ 'ಹಸೀನಾ' ಮಾಡಿದ್ದರು. ಹೆಣ್ಣುಮಕ್ಕಳನ್ನು ಹೆತ್ತಳು ಅಂತ ಗಂಡ ಬಿಟ್ಟುಹೋದವಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಮುಂದೆ ಕೂರುತ್ತಾಳೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಅಲ್ಲೂ ಹೀಗೇ. ಅವಳು ಕೂತಷ್ಟು ಹೊತ್ತು ನಾವೂ ಕೂರಬೇಕು.

'ಅವಾರ್ಡ್ ಸಿನಿಮಾ' ಅನ್ನುವ ಹಣೆಪಟ್ಟಿ ಕಾಸರವಳ್ಳಿಯವರಿಗೆ ತುಂಬಾ ಅನ್ಯಾಯ ಮಾಡಿದೆ. ಅದನ್ನು ಕೇಳಿದ ತಕ್ಷಣ ಇದು ನಮಗಲ್ಲ ಅಂತ ಜನ ದೂರ ಸರಿಯುತ್ತಾರೆ. ಆದರೆ ತಬರ, ನಾಗಿ, ಹಸೀನಾ ಎಲ್ಲ ನಮ್ಮ ಬೀದಿಯವರೇ. ಇಲ್ಲಿ ಲೈಬ್ರರಿಗೆ ಬಂದವರಲ್ಲಿ ಹಿನ್ನೀರಿಗೆ ಜಮೀನು ಕಳೆದುಕೊಂಡ ಮನೆಯವರೊಬ್ಬರಿದ್ದರು. 'ದ್ವೀಪ' ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಬೇರೆ: "ಇಷ್ಟು ಬೇಗ ಮುಗೀತಾ?"

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ ನಾನು ಹೇಳುವುದು 'ಗುಲಾಬಿ ಟಾಕೀಸ್'. ಅದರಲ್ಲಿ ನಗು ಇದೆ, ಲವಲವಿಕೆ ಇದೆ. ವೈದೇಹಿಯವರ ಮೂಲ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಸಿನಿಮಾದಲ್ಲಿ ಅದು ಕಲರ್ ಟಿವಿ ಮತ್ತು ಡಿಶ್ ಆಗಿದೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಟಿವಿ ಸಿಗುತ್ತದೆ. ಮೀನುಗಾರರ ಕೇರಿಯ ಹೆಂಗಸರೆಲ್ಲ ಅವಳ ಮನೆಯಲ್ಲಿ ಸೇರುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಕೇರಿ ಅವಳನ್ನು ಮುಸ್ಲಿಂ ಹೆಂಗಸಾಗಿ ಮಾತ್ರ ನೋಡತೊಡಗುತ್ತದೆ. ಗುಲಾಬಿಯಾಗಿ ನಟಿಸಿದ ಉಮಾಶ್ರೀ ಅವರನ್ನು ಬರೀ ಹಾಸ್ಯದ ಪಾತ್ರಗಳಲ್ಲಿ ಕಂಡವರು ಇದನ್ನು ನೋಡಲೇಬೇಕು. ಮನೆಯ ಹೆಂಗಸರ ಜೊತೆ ಕೂತು ನೋಡಿ, ಅವರು ಮಧ್ಯೆ ಮಧ್ಯೆ ಆಡುವ ಮಾತನ್ನೂ ಕೇಳಿಸಿಕೊಳ್ಳಿ.

'ತಬರನ ಕಥೆ' ಆಮೇಲೆ ನೋಡಿ. ಪೆನ್ಷನ್‌ಗಾಗಿ ಅಲೆಯುತ್ತಿರುವವರು ಯಾರಾದರೂ ಮನೆಯಲ್ಲಿದ್ದರೆ, ಅವರನ್ನು ಒಂದು ಮಾತು ಕೇಳಿಯೇ ಹಾಕಿ.